ಒರೆಸಿ ಹಾಕಿದ ಕಾರ್ಡು

ಸೋಮವಾರ ಬೆಳಗ್ಗೆ ಹನ್ನೊಂದು ಯಂತ್ರಗಳು ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ವಾಪಸ್ಸು ಬಂದವು. ಮೇಲೆ ಆಸ್ಪತ್ರೆಯ ನರ್ಸು ಬರೆದ ಚೀಟಿ: “ಬೆಳಗ್ಗೆ ಮೊದಲನೇ ರೋಗಿಗೆ ಸರಿಯಾಗಿರುತ್ತೆ. ಎರಡನೇ ರೋಗಿಗೆ ‘ಕಾರ್ಡ್ ಇಲ್ಲ’ ಅನ್ನುತ್ತೆ. ಕಾರ್ಡ್ ಒಳಗೇ ಇದೆ, ನಮಗೂ ಕಣ್ಣಿದೆ. ದಯವಿಟ್ಟು ನೋಡಿ.”

ಎದೆಬಡಿತವನ್ನು ಹತ್ತು ನಿಮಿಷ ದಾಖಲಿಸಿ, ಉಗುರಿನಷ್ಟಗಲದ ಮೆಮೊರಿ ಕಾರ್ಡಿಗೆ ಬರೆದಿಡುವ ಅಂಗೈಯಗಲದ ಯಂತ್ರ ಅದು. ಕಾರ್ಡೇ ಇಲ್ಲ ಅಂತ ಹಟ ಹಿಡಿದು ಕೂತರೆ ದಾಖಲೆ ಎಲ್ಲಿಂದ ಬರಬೇಕು? ಎದೆನೋವು ಅಂತ ಬಂದವರನ್ನು ಮಲಗಿಸಿಕೊಂಡು, ತಾನು ಯಂತ್ರದ ಮೂತಿ ನೋಡುತ್ತಾ ನಿಂತ ನರ್ಸಿಗೆ ಪಿತ್ತ ನೆತ್ತಿಗೇರಿದ್ದರೆ ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಪ್ರತಿ ಯಂತ್ರಕ್ಕೂ ಒಂದೊಂದು ಪರೀಕ್ಷೆಯ ಹಾಳೆ ಇತ್ತು. ಹನ್ನೆರಡು ಹಂತ, ಹನ್ನೆರಡರ ಮುಂದೆಯೂ ಸರಿ ಗುರುತು, ಕೆಳಗೆ ನೀಲಿ ಶಾಯಿಯಲ್ಲಿ ಒಂದೇ ಸಹಿ. ಆ ಸಹಿ ಅತ್ತೆಯದು.

ಯಾರ ಅತ್ತೆ ಅಂತ ಕೇಳಿದರೆ, ಅದೇ ಕಂಪನಿಯಲ್ಲಿ, ಅದೇ ಮಹಡಿಯಲ್ಲಿ, ಪರೀಕ್ಷೆಯ ಕೋಣೆಯಿಂದ ನಾಲ್ಕು ಮೇಜು ಆಚೆ ಕೂತು ಕೆಲಸ ಮಾಡುವ ಸೊಸೆಯ ಅತ್ತೆ. ಅತ್ತೆ ಇಪ್ಪತ್ತೆರಡು ವರ್ಷದಿಂದ ಪರೀಕ್ಷೆಯ ಕೋಣೆಯಲ್ಲಿದ್ದವರು. ಸೊಸೆ ಬಂದು ನಾಲ್ಕು ವರ್ಷ. ಯಂತ್ರದೊಳಗಿನ ಆಪರೇಟಿಂಗ್ ಸಿಸ್ಟಮಿನಲ್ಲಿ ಮೆಮೊರಿ ಕಾರ್ಡಿನ ಜೊತೆ ಮಾತಾಡಲು ಅಂತಲೇ ಒಂದು ಭಾಗ ಇರುತ್ತದಲ್ಲ, ಡ್ರೈವರ್ ಅನ್ನುತ್ತಾರೆ, ಅದನ್ನು ಬರೆಯುವುದು ಅವಳ ಕೆಲಸ. ಸೊಸೆ ಬರೆದಿದ್ದನ್ನು ಅತ್ತೆ ಪರೀಕ್ಷೆ ಮಾಡುವುದು ಅಂದರೆ ಆಫೀಸಿನವರಿಗೆ ಬಾಯಿಗೆ ಹಬ್ಬ. “ಮನೇಲೂ ಹೀಗೇ ಟಿಕ್ ಹಾಕ್ತಾರಾ?” ಅಂತ ಕೇಳದವರು ಯಾರೂ ಉಳಿದಿರಲಿಲ್ಲ. ಮನೆಯಲ್ಲಿ ಅತ್ತೆ ಟಿಕ್ ಹಾಕುತ್ತಿರಲಿಲ್ಲ. ಸೊಸೆ ತೊಳೆದಿಟ್ಟ ಪಾತ್ರೆಯನ್ನು ಮತ್ತೊಂದು ಸಲ ತೊಳೆಯುತ್ತಿದ್ದರು, ಅಷ್ಟೇ. ಅದಕ್ಕೆ ಸೊಸೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ನಾಲ್ಕು ವರ್ಷ ಹಲ್ಲು ಕಚ್ಚುವುದು ಸುಲಭವಲ್ಲ.

ಪೆಟ್ಟಿಗೆ ಬಂದ ಅರ್ಧ ಗಂಟೆಗೆ ಮೇಲಿನವರು ಬಂದರು. ಎಲ್ಲ ಕೆಲಸವೂ ನಾಳೆಗೇ ಬೇಕು ಅನ್ನುವ ಅವರನ್ನು ಬೆನ್ನ ಹಿಂದೆ ಎಲ್ಲರೂ ನಾಳೆ ಸಾರ್ ಅನ್ನುತ್ತಿದ್ದರು. ಹಾಳೆಗಳನ್ನು ಮಗುಚುತ್ತಾ ಒಂಬತ್ತನೇ ಹಂತದ ಮೇಲೆ ಬೆರಳಿಟ್ಟರು.

“‘ಹೊಸ ರೋಗಿ ಗುಂಡಿ ಒತ್ತಿ, ಯಂತ್ರ ಮತ್ತೆ ಶುರುವಾದ ಮೇಲೆ ಕಾರ್ಡ್ ಕಾಣಿಸುತ್ತದೆಯೇ ನೋಡಿ.’ ಹನ್ನೊಂದರಲ್ಲೂ ಸರಿ ಅಂತ ಹಾಕಿದೀರಲ್ಲಮ್ಮ. ನಿಜವಾಗ್ಲೂ ಒತ್ತಿ ನೋಡಿದ್ರಾ?”

“ಒತ್ತದೆ ಹಾಕ್ತೀನಾ ಸಾರ್?” ಅತ್ತೆಯ ಮುಖ ಒಂದೇ ಸಲಕ್ಕೆ ಸಣ್ಣದಾಯಿತು.

“ಒತ್ತಿದ್ರೆ ಗೊತ್ತಾಗಬೇಕಿತ್ತಲ್ಲ! ಹನ್ನೊಂದಕ್ಕೆ ಹನ್ನೊಂದೂ ಕೆಟ್ಟಿದೆ. ಗುರುವಾರ ಹನ್ನೊಂದು ಗಂಟೆಗೆ ಕೂತು ಮಾತಾಡೋಣ. ಅಲ್ಲೀವರೆಗೆ ನಿಮ್ಮ ಸಹಿ ಬೇಡ. ಆಮೇಲೂ ಬೇಕಾ ಅಂತ ಅವತ್ತು ನೋಡೋಣ.”

ಇಪ್ಪತ್ತೆರಡು ವರ್ಷ ಸಹಿ ಹಾಕಿದ ಕೈಗೆ ಆ ದಿನ ರಟ್ಟಿನ ಡಬ್ಬಿಗೆ ಲೇಬಲ್ ಅಂಟಿಸುವ ಕೆಲಸ ಬಂತು. ಅತ್ತೆ ಮರುಮಾತಾಡದೆ ಹೋಗಿ ಅಂಟಿಸತೊಡಗಿದರು, ಅದನ್ನೂ ಮೂಲೆಗೆ ಮೂಲೆ ಕೂಡುವಂತೆ. ಸೊಸೆಗೆ ಅದನ್ನು ನೋಡಲಾಗಲಿಲ್ಲ. ಪಾತ್ರೆಯ ವಿಷಯಕ್ಕೆ ಎಷ್ಟೇ ಸಿಟ್ಟಿರಲಿ, ಈ ಹೆಂಗಸು ಸುಳ್ಳು ಟಿಕ್ ಹಾಕುವವರಲ್ಲ ಅಂತ ಅವಳಿಗೆ ಗೊತ್ತು. ಬೆಂಕಿ ಆರಿಸಿದ ಒಲೆಯ ಗುಂಡಿಯನ್ನು ಮೂರು ಸಲ ತಿರುಗಿಸಿ ನೋಡುವ ಜೀವ ಅದು.

ಸೊಸೆ ಒಂದು ಯಂತ್ರವನ್ನು ತನ್ನ ಮೇಜಿಗೆ ತಂದು ಚಾಲೂ ಮಾಡಿದಳು. ಕಾರ್ಡ್ ಕಾಣಿಸಿತು. ‘ಹೊಸ ರೋಗಿ’ ಒತ್ತಿದಳು. ಪರದೆ ನಾಲ್ಕು ಸೆಕೆಂಡು ಕತ್ತಲಾಗಿ, ಮತ್ತೆ ಬೆಳಗಿ, ‘ಕಾರ್ಡ್ ಇಲ್ಲ’ ಅಂದಿತು. ಇನ್ನೊಂದು ಸಲ ಒತ್ತಿದಳು. ಇಲ್ಲ. ಹತ್ತು ಸಲ ಒತ್ತಿದರೂ ಇಲ್ಲ. ಪೂರ್ತಿ ಆರಿಸಿ ಹೊತ್ತಿಸಿದರೆ ಏನೂ ಆಗದವರ ಹಾಗೆ ಕಾರ್ಡ್ ಬಂದು ನಿಂತಿತು.

ಸರಿ, ಗುಂಡಿ ಒತ್ತಿದಾಗ ಕೆಡುತ್ತದೆ ಅಂತ ಬರೆದುಕೊಂಡಳು. ಅದೇ ಯಂತ್ರ, ಅದೇ ಕಾರ್ಡು ಹಿಡಿದುಕೊಂಡು ಲೇಬಲ್ಲಿನ ರಾಶಿಯ ಹತ್ತಿರ ಹೋದಳು.

“ಅತ್ತೆ, ಒಂದ್ಸಲ ಒಂಬತ್ತನೇದು ಮಾಡಿ ತೋರಿಸ್ತೀರಾ?”

“ನನ್ನ ಕೈಯಲ್ಲಿ ಮಾಡಿಸಿದ್ರೆ ಯಾರಾದ್ರೂ ಏನಾದ್ರೂ ಅಂತಾರೆ.”

“ಯಾರೂ ಏನೂ ಅನ್ನಲ್ಲ, ಬನ್ನಿ.”

ಅತ್ತೆ ಪರೀಕ್ಷೆಯ ಕೋಣೆಯ ತಮ್ಮ ಕುರ್ಚಿಯಲ್ಲಿ ಕೂತರು. ಸೊಸೆ ಅವರ ಬಲಕ್ಕೆ ನಿಂತು ಪರದೆಯ ಮೇಲೆ ಕಣ್ಣು ನೆಟ್ಟಳು. ಅತ್ತೆ ಗುಂಡಿ ಒತ್ತಿದರು. ಕತ್ತಲು. ನಾಲ್ಕು ಸೆಕೆಂಡು. ಬೆಳಕು. ‘ಕಾರ್ಡ್ ಸಿದ್ಧ.’

“ಇನ್ನೊಂದ್ಸಲ.”

ಸಿದ್ಧ. ಇನ್ನೊಂದು ಸಲ. ಸಿದ್ಧ. ಇಪ್ಪತ್ತು ಸಲ ಒತ್ತಿಸಿದಳು, ಇಪ್ಪತ್ತು ಸಲವೂ ಸಿದ್ಧ! ಯಂತ್ರವನ್ನು ಎತ್ತಿಕೊಂಡು ತನ್ನ ಮೇಜಿಗೆ ಬಂದು ಒತ್ತಿದಳು. ಇಲ್ಲ.

ಸೊಸೆಗೆ ತಲೆ ಗಿರ್ ಅಂದಿತು. ಮೇಜಿನ ಪ್ಲಗ್ಗಿನ ದೋಷವಿರಬೇಕು ಅಂತ ಅತ್ತೆಯ ಮೇಜಿಗೇ ಹೋಗಿ, ಅತ್ತೆಯ ಕುರ್ಚಿಯಲ್ಲೇ ಕೂತು, ಅತ್ತೆ ಒತ್ತಿದ ಹಾಗೇ ತೋರುಬೆರಳಲ್ಲಿ ಒತ್ತಿದಳು. ಇಲ್ಲ. ಅತ್ತೆ ಕೂತರು. ಸಿದ್ಧ. ತುಂಬಾ ಹೊತ್ತು ಒತ್ತಬೇಕೇನೋ ಅಂತ ಸೊಸೆ ಒತ್ತಿ ಹಿಡಿದಳು. ಮೆಲ್ಲಗೆ ಒತ್ತಿದಳು. ಉಸಿರು ಬಿಗಿಹಿಡಿದೂ ಒತ್ತಿದಳು, ಇದು ನಗುವ ವಿಷಯವಲ್ಲ, ತಲೆ ಕೆಟ್ಟವರು ಏನು ಬೇಕಾದರೂ ಮಾಡುತ್ತಾರೆ. ಅಷ್ಟರಲ್ಲಿ ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬರೆಯುವವನು ಕಾಫಿ ಹಿಡಿದುಕೊಂಡು ಬಂದು ಬಾಗಿಲಿಗೆ ಒರಗಿ ನಿಂತ.

“ನಿಮ್ಮ ಅತ್ತೆ ಕೈಗುಣ ಬಿಡಿ,” ಅಂದ. “ಯಂತ್ರಕ್ಕೊಬ್ಬೊಬ್ಬ ಅತ್ತೇನ ಜೊತೆಗೇ ಆಸ್ಪತ್ರೆಗೆ ಕಳಿಸಬೇಕಷ್ಟೆ.”

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ತಮ್ಮ ಕೈಯನ್ನೇ ಒಮ್ಮೆ ಮಗುಚಿ ನೋಡಿಕೊಂಡರು.

ಮಂಗಳವಾರ, ಬುಧವಾರ ಎರಡೂ ದಿನ ಸೊಸೆ ತಲೆಬುಡ ತಿಳಿಯದೆ ಒದ್ದಾಡಿದಳು. ಕಾರ್ಡು ಬದಲಿಸಿದಳು. ಹಳೆಯ ಕಾಲದ ಒಂದು ಕಾರ್ಡು ಅವಳ ಕೈಯಲ್ಲೂ ಕೆಲಸ ಮಾಡಿ ಇದ್ದಬದ್ದ ತರ್ಕವನ್ನೂ ಹಾಳು ಮಾಡಿತು. ಬಿಸಿಯಿಂದ ಹೀಗಾಗುತ್ತದಾ ಅಂತ ಫ್ಯಾನ್ ಹಿಡಿದಳು. ಕೈಯಲ್ಲಿ ಕರೆಂಟಿನ ಚುರುಕು ಇರುತ್ತದಾ ಅಂತ ಅತ್ತೆಯ ಚಪ್ಪಲಿ ಬಿಚ್ಚಿಸಿದಳು. “ನನ್ನ ಕಾಲಲ್ಲಿ ಏನಿದೆಯಮ್ಮಾ?” ಅಂತ ಅತ್ತೆ ಅಳುವ ಹಾಗೆ ಕೇಳಿದರು. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಗುಂಡಿ ಒತ್ತಿ ಮತ್ತೆ ಶುರು ಮಾಡಿದಾಗ ಯಂತ್ರ ಕಾರ್ಡನ್ನು ಕರೆಯುತ್ತದೆ, ಕಾರ್ಡು ಓಗೊಡುವುದಿಲ್ಲ. ಅತ್ತೆ ಒತ್ತಿದರೆ ಮಾತ್ರ ಓಗೊಡುತ್ತದೆ. ಹೀಗಂತ ಬರೆದುಕೊಟ್ಟರೆ ಯಾವ ಕಂಪನಿ ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತದೆ?

ಮನೆಯಲ್ಲಿ ಗಂಡನಿಗೆ ಹೇಳಿದರೆ, “ನಿಮ್ಮಿಬ್ಬರ ಮಧ್ಯೆ ನನ್ನನ್ನ ಎಳೀಬೇಡಿ,” ಅಂದ. ವಿಷಯ ಕಾರ್ಡಿನದು ಅಂದರೂ ಅದೇ ಮಾತು. ಅಭ್ಯಾಸ ಬಲ.

ಗುರುವಾರ ಬೆಳಗ್ಗೆ ಅತ್ತೆ ಊಟದ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ರಾತ್ರಿ ನಿದ್ದೆ ಮಾಡಿರಲಿಲ್ಲ ಅಂತ ಕಣ್ಣು ಹೇಳುತ್ತಿತ್ತು.

“ಕೆಲಸ ಬಿಡು ಅಂದ್ರೆ ಬಿಡ್ತೀನಿ ಕಣೇ,” ಅಂದರು. “ಸುಳ್ಳಿ ಅನ್ನಿಸ್ಕೊಂಡು ಬಿಡೋಕಾಗಲ್ಲ. ಅದೊಂದು ಆಗಬಾರದು.”

ಸೊಸೆ ಅವರಿಗೆ ಬಿ.ಪಿ. ಮಾತ್ರೆ ತೆಗೆದುಕೊಟ್ಟು, ಕಪಾಟಿನಿಂದ ಲೋಟ ತೆಗೆದು, ನೀರು ತುಂಬಿಸಿ ಮುಂದಿಟ್ಟಳು. ಅತ್ತೆ ಎದ್ದರು. ನೀರು ಚೆಲ್ಲಿ, ಲೋಟ ತೊಳೆದು, ಮತ್ತೆ ನೀರು ಹಿಡಿದುಕೊಂಡು ಬಂದು ಕೂತು ಮಾತ್ರೆ ನುಂಗಿದರು. ಇಷ್ಟೆಲ್ಲ ಮಾಡುವಾಗ ಅವರ ಕಣ್ಣು ಕಿಟಕಿಯ ಕಡೆ ಇತ್ತು. ಮನಸ್ಸು ಎಲ್ಲೋ ಇತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು.

ಎಂದಿನ ಸಿಟ್ಟು ಸೊಸೆಯ ಗಂಟಲಿಗೆ ಬಂತು. ಬಂದದ್ದು ಅಲ್ಲೇ ನಿಂತಿತು.

“ಅತ್ತೆ. ಈಗ ಲೋಟ ತೊಳೆದ್ರಾ?”

“ಎಲ್ಲಿ ತೊಳೆದೆ? ನೀನು ಕೊಟ್ಟಿದ್ದನ್ನೇ ಕುಡಿದೆನಲ್ಲ.”

ಸೊಸೆ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತಳು. “ಗುಂಡಿ ಒತ್ತಿದ ಮೇಲೆ, ಪರದೆ ಕತ್ತಲಾಗಿರುತ್ತಲ್ಲ, ಆಗ ನೀವು ಏನು ಮಾಡ್ತೀರಿ?”

“ಏನ್ ಮಾಡ್ತೀನಿ? ಕಾಯ್ತೀನಿ.”

“ಕಾರ್ಡಿಗೆ ಏನಾದ್ರೂ ಮಾಡ್ತೀರಾ?”

“ಏನೂ ಮಾಡಲ್ಲ. ತೆಗೆದು ಒಂದ್ಸಲ ಒರೆಸಿ ಹಾಕ್ತೀನಿ ಅಷ್ಟೆ. ಒರೆಸದೆ ಯಾರಾದ್ರೂ ಹಾಕ್ತಾರಾ?”

ಅಯ್ಯೋ ದೇವರೇ! ಸೊಸೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಧೂಳು ಕೂತರೆ ಯಂತ್ರ ಓದುವುದಿಲ್ಲ ಅಂತ ಯಾವನೋ ಮೇಲ್ವಿಚಾರಕ ಹೇಳಿಕೊಟ್ಟಿದ್ದನಂತೆ. ಅವನು ನಿವೃತ್ತನಾದ, ಆ ಯಂತ್ರಗಳು ಗುಜರಿಗೆ ಹೋದವು, ಒರೆಸುವುದು ಮಾತ್ರ ಅತ್ತೆಯ ಎಡಗೈಯಲ್ಲಿ ಉಳಿದುಬಿಟ್ಟಿತ್ತು. ಕಾರ್ಡಿನ ಸೀಳು ಯಂತ್ರದ ಎಡಕ್ಕೆ. ಸೊಸೆ ನಿಂತದ್ದು ಬಲಕ್ಕೆ. ಇಪ್ಪತ್ತು ಸಲವೂ ಅವಳು ಕತ್ತಲಾದ ಪರದೆಯನ್ನು ನೋಡುತ್ತಾ ನಿಂತಿದ್ದಳು, ಬೆಪ್ಪಿಯ ಹಾಗೆ.

ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಉಳಿದದ್ದೂ ಒಂದೊಂದಾಗಿ ಬಿಡಿಸಿಕೊಂಡಿತು. ಕಾರ್ಡು ಮೊದಲು ಮೂರು ಪಾಯಿಂಟ್ ಮೂರು ವೋಲ್ಟಿನಲ್ಲಿ ಮಾತು ಶುರು ಮಾಡುತ್ತದೆ. ಬೇಗ ಕೆಲಸವಾಗಲಿ ಅಂತ ಡ್ರೈವರ್ ಅದನ್ನು ಕೇಳುತ್ತದೆ, ಒಂದು ಪಾಯಿಂಟ್ ಎಂಟಕ್ಕೆ ಇಳಿಯೋಣವಾ ಅಂತ. ಹೊಸ ಕಾರ್ಡುಗಳು ಹೂಂ ಅನ್ನುತ್ತವೆ, ಇಬ್ಬರೂ ದನಿ ತಗ್ಗಿಸುತ್ತಾರೆ. ಹಳೆಯ ಕಾರ್ಡಿಗೆ ತಗ್ಗಿಸಲು ಬರುವುದೇ ಇಲ್ಲ, ಆದ್ದರಿಂದಲೇ ಅದಕ್ಕೆ ಏನೂ ಆಗಿರಲಿಲ್ಲ. ‘ಹೊಸ ರೋಗಿ’ ಒತ್ತಿದಾಗ ಯಂತ್ರ ಎಲ್ಲ ಮರೆತು ಮತ್ತೆ ಮೂರು ಪಾಯಿಂಟ್ ಮೂರರಿಂದ ಕೂಗುತ್ತದೆ. ಕಾರ್ಡು ಮರೆಯುವುದಿಲ್ಲ. ಅದಕ್ಕೆ ಹೋಗುವ ಕರೆಂಟು ಒಂದು ಕ್ಷಣ ನಿಂತರೆ ಮಾತ್ರ ಮರೆಯುತ್ತದೆ. ಇಲ್ಲವಾದರೆ ಹಳೆಯ ಪಿಸುದನಿಯಲ್ಲೇ ಕೂತಿರುತ್ತದೆ, ಯಂತ್ರಕ್ಕೆ ಏನೂ ಕೇಳಿಸುವುದಿಲ್ಲ. ಅತ್ತೆ ಒರೆಸಲು ಕಾರ್ಡನ್ನು ಹೊರಗೆಳೆದಾಗ ಅದರ ಕರೆಂಟು ತಪ್ಪುತ್ತಿತ್ತು. ಕೈಗುಣ ಅಂದರೆ ಇದೇ.

ಆದರೆ ಮತ್ತೆ ಶುರುವಾಗುವಾಗ ಕಾರ್ಡಿನ ಕರೆಂಟನ್ನು ಒಮ್ಮೆ ಕತ್ತರಿಸಲು ಬೋರ್ಡಿನ ಮೇಲೆ ಪುಟ್ಟ ಸ್ವಿಚ್ಚು ಇರಬೇಕಿತ್ತಲ್ಲ? ಸೊಸೆ ನೇರವಾಗಿ ನಕ್ಷೆಯವನ ಮೇಜಿಗೆ ಹೋದಳು.

“ಆ ಸ್ವಿಚ್ಚಾ? ಹೊಸ ಬೋರ್ಡಲ್ಲಿ ಇಲ್ವಲ್ಲ. ಜಾಗ ಸಾಲಲಿಲ್ಲ ಅಂತ ತೆಗೆದು ಮೂರು ತಿಂಗಳಾಯ್ತು.”

“ತೆಗೆದಿದ್ದನ್ನ ಯಾರಿಗಾದ್ರೂ ಹೇಳಿದ್ರಾ?”

“ನಕ್ಷೇಲಿ ಇದೆಯಲ್ಲ!” ಅಂದ ಮಹಾರಾಯ.

ಸ್ವಿಚ್ಚು ತೆಗೆದದ್ದು ನಕ್ಷೆಯಲ್ಲಿ ನಿಜವಾಗಿಯೂ ಇತ್ತು. ಸೊಸೆ ನೋಡಿರಲಿಲ್ಲ. ಹಳೆಯ ಬೋರ್ಡಿನ ವಿವರದ ಕಡತವನ್ನು ನಕಲು ಮಾಡಿ, ಹೆಸರು ಬದಲಿಸಿ, ಹೊಸದಕ್ಕೆ ಹಾಕಿದ್ದಳು. ಅದರಲ್ಲಿ ‘ಒಂದು ಪಾಯಿಂಟ್ ಎಂಟು ವೋಲ್ಟ್ ಉಂಟು’ ಅನ್ನುವ ಸಾಲು ಹಾಗೇ ಕೂತಿತ್ತು. ಸಾಲಿನ ಪಕ್ಕದಲ್ಲಿ ಬರೆದವರ ಹೆಸರಿನ ಜಾಗದಲ್ಲಿ ಅವಳದೇ ಹೆಸರು.

ಹತ್ತೂವರೆ. ಸಭೆಗೆ ಅರ್ಧ ಗಂಟೆ. ಆ ಸಾಲು ಅಳಿಸಿದರೆ ಕಾರ್ಡು ಮೂರು ಪಾಯಿಂಟ್ ಮೂರರಲ್ಲೇ ಉಳಿಯುತ್ತದೆ, ತುಸು ನಿಧಾನವಾಗುತ್ತದೆ, ಎದೆಬಡಿತ ಬರೆಯಲು ಅಷ್ಟು ವೇಗ ಧಾರಾಳ ಸಾಕು. ಸದ್ದಿಲ್ಲದೆ ಅಳಿಸಿ, ‘ಸಣ್ಣಪುಟ್ಟ ಸುಧಾರಣೆ’ ಅಂತ ಬರೆದು ಬಿಟ್ಟರೆ ಹನ್ನೊಂದು ಯಂತ್ರವೂ ಸರಿಹೋಗುತ್ತವೆ. ಯಾರೂ ಕೇಳುವುದಿಲ್ಲ. ಆಗ ಹನ್ನೊಂದು ಹಾಳೆಗಳ ಮೇಲಿನ ಹನ್ನೊಂದು ಟಿಕ್ಕುಗಳು ಸುಳ್ಳಾಗಿಯೇ ಉಳಿಯುತ್ತವೆ. ಸುಳ್ಳು ಹೇಳಬಾರದು ಅಂತ ಸೊಸೆಗೆ ಏಕಾಏಕಿ ಜ್ಞಾನೋದಯವೇನೂ ಆಗಲಿಲ್ಲ. ಅವಳಿಗೆ ಭಯವಾಗಿತ್ತು. ಆದರೂ ಅಂಟಿಸಿದ ಲೇಬಲ್ಲುಗಳ ಮೂಲೆಗಳು ಅವಳ ಕಣ್ಣ ಮುಂದಿಂದ ಹೋಗಲಿಲ್ಲ.

ಸಭೆಯಲ್ಲಿ ಅವಳು ಎರಡನ್ನೂ ಮಾಡಿ ತೋರಿಸಿದಳು. ಕಾರ್ಡು ಮುಟ್ಟದೆ ಒತ್ತಿದರೆ ಇಲ್ಲ. ಒರೆಸಿ ಹಾಕಿದರೆ ಸಿದ್ಧ. ನಾಳೆ ಸಾರ್ ಎರಡು ಸಲ ನೋಡಿ, ಮೂರನೇ ಸಲ ತಾವೇ ಒತ್ತಿ ನೋಡಿ, ಹುಬ್ಬೇರಿಸಿದರು.

“ಅಂದ್ರೆ ಇವರು ಹಾಳೇಲಿ ಇಲ್ಲದ ಕೆಲಸ ಮಾಡಿದಾರೆ. ತಪ್ಪು ಪರೀಕ್ಷೆಯದ್ದೇ ಆಯ್ತಲ್ಲ.”

“ಅಲ್ಲ ಸಾರ್. ತಪ್ಪು ಸಾಲು ನಂದು. ಹೊಸ ಬೋರ್ಡಲ್ಲಿ ಸ್ವಿಚ್ಚು ತೆಗೆದದ್ದನ್ನ ನೋಡದೆ ಹಳೇ ಕಡತಾನೇ ನಕಲು ಮಾಡಿದೆ. ಅವರು ಒತ್ತಿ ನೋಡಿದಾರೆ, ಕಂಡಿದ್ದನ್ನೇ ಬರೆದಿದಾರೆ. ಒಂದು ಟಿಕ್ಕೂ ಸುಳ್ಳಲ್ಲ. ನನ್ನನ್ನ ಏನು ಬೇಕಾದ್ರೂ ಅನ್ನಿ, ಅವರನ್ನ ಸುಳ್ಳಿ ಅನ್ನಬೇಡಿ.” ಕೊನೆಯ ಮಾತಿಗೆ ಅವಳ ದನಿ ಜಾಸ್ತಿಯೇ ಏರಿತು. ನಕ್ಷೆಯವನು ಕಾಫಿ ಲೋಟದೊಳಗೆ ಏನೋ ಹುಡುಕತೊಡಗಿದ.

ನಾಳೆ ಸಾರ್ ಹನ್ನೊಂದು ಹಾಳೆಗಳನ್ನೂ ಮತ್ತೊಮ್ಮೆ ಮಗುಚಿ ನೋಡಿದರು. ಆಮೇಲೆ ಸೊಸೆಗೆ ಎರಡು ಬಿರುಸು ಮಾತು ಅಂದರು, ನಕ್ಷೆಯವನಿಗೆ ನಾಲ್ಕು ಅಂದರು. ಸರಿಪಡಿಸಿದ್ದು ನಾಳೆಗೇ ಬೇಕು ಅಂದರು. ಏಳುವಾಗ ಅತ್ತೆಯ ಕಡೆ ತಿರುಗಿ, “ನಂದೂ ತಪ್ಪಾಯ್ತಮ್ಮ, ದುಡುಕಿದೆ. ಇವತ್ತಿಂದ ನಿಮ್ಮ ಸಹಿ ನಿಮ್ಮದೇ,” ಅಂದರು.

ಅತ್ತೆಯ ಮುಖ ಅರಳಬೇಕಿತ್ತು. ಅರಳಲಿಲ್ಲ. ಸೊಸೆ ಗಾಬರಿಯಾಗಿ, “ಏನತ್ತೆ? ಎಲ್ಲ ಸರಿಹೋಯ್ತಲ್ಲ,” ಅಂದಳು. ಅತ್ತೆ ಸನ್ನೆ ಮಾಡಿ ತಡೆದರು.

ಮಧ್ಯಾಹ್ನ ಆ ಸಾಲು ಅಳಿಸಿದ ಮೇಲೆ ಮೊದಲ ಯಂತ್ರವನ್ನು ಪರೀಕ್ಷೆಗೆ ಇಟ್ಟಾಗ ಅತ್ತೆ ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಕೂತರು. ಬಲಗೈಯಲ್ಲಿ ಗುಂಡಿ ಒತ್ತಿದರು. ಪರದೆ ಕತ್ತಲಾದಾಗ ಅವರ ಎಡಭುಜ ತಾನಾಗಿ ಅಲುಗಿತು, ಇಪ್ಪತ್ತೆರಡು ವರ್ಷದ ರೂಢಿ. ಅವರು ಇನ್ನೂ ಬಲವಾಗಿ ಒತ್ತಿ ಕೂತರು. ‘ಕಾರ್ಡ್ ಸಿದ್ಧ.’ ಹನ್ನೊಂದು ಯಂತ್ರಕ್ಕೆ ಇಪ್ಪತ್ತಿಪ್ಪತ್ತು ಸಲ ಹಾಗೆ ಕೂತು ಮುಗಿಸಿದಾಗ ಎಡಗೈ ಜೋಮು ಹಿಡಿದಿತ್ತು. ಸೊಸೆ ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಉಜ್ಜಿದಳು. ನಾಲ್ಕು ವರ್ಷದಲ್ಲಿ ಅವಳು ಆ ಕೈಯನ್ನು ಹಿಡಿದದ್ದು ಅದೇ ಮೊದಲು.

“ಒಂದು ಮಾತು ಕೇಳ್ತೀನಿ, ನಿಜ ಹೇಳು,” ಅಂದರು ಅತ್ತೆ. “ಒರೆಸಿ ಹಾಕಿ ಹಾಕಿ, ಇನ್ನೂ ಎಷ್ಟು ಯಂತ್ರದ ತಪ್ಪು ನನ್ನ ಕೈಯಿಂದ ದಾಟಿ ಹೋಗಿರಬಹುದು?”

ಸೊಸೆಗೆ ಹೋಗಿಲ್ಲ ಅನ್ನುವ ಹಾಗಿರಲಿಲ್ಲ, ಹೋಗಿದೆ ಅನ್ನಲು ಬಾಯಿ ಬರಲಿಲ್ಲ.

“ಗೊತ್ತಿಲ್ಲ ಅತ್ತೆ.”

“ನಂಗೂ ಗೊತ್ತಿಲ್ಲ. ಯಂತ್ರ ನೋಡ್ತಿದೀನಿ ಅಂದ್ಕೊಂಡಿದ್ದೆ. ನೋಡಿದ್ದು ನನ್ನ ಕೈ ಕೆಲಸಾನೇ.”

ಅವತ್ತು ಹನ್ನೊಂದು ಹೊಸ ಹಾಳೆಗಳಲ್ಲಿ ಒಂದಕ್ಕೂ ಅತ್ತೆ ಸಹಿ ಹಾಕಲಿಲ್ಲ. ನಾಳೆ ಹಾಕುತ್ತೇನೆ ಅಂದರು. ನಾಳೆ ಸಾರ್‌ಗೆ ಆ ಮಾತಿಗೆ ಎದುರಾಡಲು ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಅತ್ತೆ ಸೊಸೆಯ ಮೇಜಿಗೆ ಬಂದು ಒಂದು ಖಾಲಿ ಹಾಳೆ, ಒಂದು ಪೆನ್ನು ಇಟ್ಟರು. “ಬಾ, ನನ್ನ ಪಕ್ಕ ಕೂತ್ಕೋ. ಎಡಗಡೆ ಕೂತ್ಕೋ. ನನ್ನ ಕೈ ಏನೇನು ಮಾಡುತ್ತೋ ಎಲ್ಲ ಬರಿ. ನಾನು ಹೇಳೋದನ್ನ ಕೇಳಬೇಡ, ನಂಗೆ ಗೊತ್ತಾಗಲ್ಲ. ಕಂಡಿದ್ದನ್ನ ಬರಿ.”

ಸೊಸೆ ಎಡಗಡೆ ಕೂತಳು. ಅತ್ತೆ ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು. ಅವಳು ಬರೆಯತೊಡಗಿದಳು: ಕೂರುವ ಮೊದಲು ಕುರ್ಚಿ ಕೊಡವಿದರು. ಮೇಜು ಒರೆಸಿದರು. ಯಂತ್ರದ ಬೆನ್ನು ಎರಡು ಸಲ ತಟ್ಟಿದರು. ತಂತಿ ಬಿಚ್ಚಿ ಮತ್ತೆ ಹಾಕಿದರು. ಬ್ಯಾಟರಿ ತೆಗೆದು ಊದಿದರು.

“ಬ್ಯಾಟರಿ ತೆಗೆದ್ರಿ ಅತ್ತೆ.”

“ತೆಗೆದೆನಾ?” ಅತ್ತೆ ಕಕ್ಕಾಬಿಕ್ಕಿಯಾಗಿ ತಮ್ಮ ಅಂಗೈ ನೋಡಿದರು. ಬ್ಯಾಟರಿ ಅಲ್ಲೇ ಇತ್ತು. “ಬರಿ, ಬರಿ. ಅದನ್ನೂ ಬರಿ.”

ಸೊಸೆ ಬರೆದಳು. ಅತ್ತೆ ಇನ್ನೂ ಮೊದಲನೇ ಹಂತದ ಗುಂಡಿ ಒತ್ತಿರಲಿಲ್ಲ, ಹಾಳೆಯ ಮೇಲೆ ಆಗಲೇ ಹದಿನೇಳು ಸಾಲು ಆಗಿತ್ತು.